ಹಲ್ಲಿ, ಹಳ್ಳಿ ಮತ್ತು ಲ್ಯಾಪ್‌ಟಾಪಿನ ಕ್ಯಾಮೆರಾ

"ಟೀಚರ್, ನಿಮ್ಮ ಮನೆಯಲ್ಲಿ ಹೊಗೆ ಉಂಟಾ?"

ಕೇಳಿದ್ದು ಶಾರ್ಜಾದ ಹುಡುಗ. ಎಂಟು ವರ್ಷ. ನಾನು ಗಾಬರಿಯಿಂದ ಹಿಂದೆ ತಿರುಗಿ ನೋಡಿದೆ. ಹೊಗೆ ಎಲ್ಲಿಯೂ ಇರಲಿಲ್ಲ. ಬಚ್ಚಲಿನ ಒಲೆ ಕೂಡ ಆರಿತ್ತು. ಅವನಿಗೆ ಕಾಣುತ್ತಿದ್ದ ನನ್ನ ಮುಖ ಮಾತ್ರ ಮಂಜು ಮಂಜಾಗಿತ್ತಂತೆ.

ವಾರಕ್ಕೆ ಮೂರು ಸಂಜೆ, 7 ಗಂಟೆಗೆ, ಕೇರಳದ ಕಾಸರಗೋಡು ಜಿಲ್ಲೆಯ ನೀರ್ಚಾಲಿನ ಹತ್ತಿರದ ನಮ್ಮ ಮನೆಯ ಚಾವಡಿಯಲ್ಲಿ ನಾನು ಲ್ಯಾಪ್‌ಟಾಪ್ ತೆರೆದು ಕೂರುತ್ತೇನೆ. ಆಗ ಶಾರ್ಜಾದಲ್ಲಿ ಐದೂವರೆ. ಐದು ಮಕ್ಕಳು ಒಬ್ಬೊಬ್ಬರಾಗಿ ಬಂದು ಪರದೆಯ ಮೇಲೆ ಕೂರುತ್ತಾರೆ. ಅವರ ಅಪ್ಪ ಅಮ್ಮಂದಿರು ಕುಂಬಳೆ, ಬದಿಯಡ್ಕ, ಪೆರ್ಲದ ಕಡೆಯವರು. ಊರಿನ ಭಾಷೆ ಮಕ್ಕಳ ಕಿವಿಗೆ ಬೀಳುತ್ತದೆ, ಬಾಯಿಂದ ಬರುವುದು ಮಾತ್ರ ಇಂಗ್ಲಿಷು. ಕನ್ನಡ ಓದಿ ಬರೆಯಲು ಕಲಿಯಲಿ ಎಂದು ನನ್ನ ಹತ್ತಿರ ಕೂರಿಸಿದ್ದಾರೆ. ಅಲ್ಲಿ ವಾಟ್ಸಾಪ್ ಕಾಲ್ ಹೋಗುವುದಿಲ್ಲ ಎಂದು ಗಲ್ಫಿನಲ್ಲಿ ಜನ ಇರುವ ನಮ್ಮೂರಿನ ಪ್ರತಿ ಮನೆಗೂ ಗೊತ್ತು. ಹಾಗಾಗಿ ನಮ್ಮ ಪಾಠ ಜೂಮಿನಲ್ಲಿ. ಉಚಿತದ್ದು 40 ನಿಮಿಷಕ್ಕೆ ನಿಂತುಹೋಗುತ್ತದೆ. ಮಕ್ಕಳಿಗೆ ಅದೇ ಬೆಲ್ಲು.

ಈ ಶಾರ್ಜಾದ ಹುಡುಗ ಒಮ್ಮೆ ಹೀಗೆ ಬರೆದಿದ್ದ: "ರಜೆಯಲ್ಲಿ ನಾನು ಅಜ್ಜನ ಹಲ್ಲಿಗೆ ಹೋಗುತ್ತೇನೆ." ಹಳ್ಳಿ ಅನ್ನುವುದು ಹಲ್ಲಿ ಆಗಿತ್ತು. ಅದು ಗೋಡೆಯ ಮೇಲಿನ ಹಲ್ಲಿಯೂ ಆಗಬಹುದು, ಬಾಯಿಯೊಳಗಿನ ಹಲ್ಲೂ ಆಗಬಹುದು. "ಅಜ್ಜನಿಗೆ ಹಲ್ಲೇ ಇಲ್ಲ ಟೀಚರೇ, ಇವನು ಎಲ್ಲಿಗೆ ಹೋಗುವುದು?" ಎಂದು ಅವನ ಅಮ್ಮ ಹಿಂದಿನಿಂದ ನಕ್ಕರು.

ಬರೆಯುವಾಗ ಮಾತ್ರ ತಪ್ಪಿದ್ದಲ್ಲ ಅದು. ಹೇಳುವಾಗಲೂ ಅವನಿಗೆ ಲ ಮತ್ತು ಳ ಒಂದೇ. ಬೆಲೆಯೂ ಬೆಲೆ, ಬೆಳೆಯೂ ಬೆಲೆ. ಇದನ್ನು ಹೇಳಿಕೊಡುವ ದಾರಿ ಒಂದೇ, ಬಾಯಿ ತೆರೆದು ತೋರಿಸುವುದು. ನಾಲಗೆಯ ತುದಿ ಹಿಂದಕ್ಕೆ ಮಡಚಿ ಅಂಗುಳಕ್ಕೆ ತಾಗಬೇಕು. ತರಗತಿಯಲ್ಲಾದರೆ ಮಗುವನ್ನು ಎದುರಿಗೆ ನಿಲ್ಲಿಸಿ "ನೋಡು, ಹೀಗೆ" ಎಂದರೆ ಮುಗಿಯಿತು. ಇಲ್ಲಿ ನನ್ನ ನಾಲಗೆಗೂ ಅವನ ಕಣ್ಣಿಗೂ ನಡುವೆ ಲ್ಯಾಪ್‌ಟಾಪಿನ ಮುಚ್ಚಳದ ಮೇಲಿನ ಒಂದು ಸಣ್ಣ ತೂತು. ಸಾಸಿವೆ ಕಾಳಿನಷ್ಟು.

ಲ್ಯಾಪ್‌ಟಾಪಿನಲ್ಲೇ ಇರುವ ಕ್ಯಾಮೆರಾ ಸಾಕಾ, ಬೇರೆ ತಗೊಳ್ಳಬೇಕಾ? ಮಗಳು ಮನೆಯಿಂದಲೇ ಕೆಲಸ ಮಾಡುತ್ತಾಳೆ ಎನ್ನುವವರು, ಮಗನಿಗೆ ಆನ್‌ಲೈನ್ ಇಂಟರ್‌ವ್ಯೂ ಉಂಟು ಎನ್ನುವವರು ನನ್ನನ್ನು ಇದನ್ನು ಕೇಳುತ್ತಾರೆ. ನಾನು ಎಂತ ಪರಿಣತೆ ಅಲ್ಲ. ಆದರೆ ಈ ಸಾಸಿವೆ ಕಾಳಿನ ಜೊತೆ ಗುದ್ದಾಡಿ ನಾಲ್ಕು ವಿಷಯ ಗೊತ್ತಾಗಿದೆ. ಅದರಲ್ಲಿ ಒಂದು, ನನ್ನದೇ ಪೆದ್ದುತನ. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ನಮ್ಮ ಮನೆಯ ವಿಷಯ. ಹಂಚಿನ ಮನೆ, ನನ್ನ ಗಂಡನ ಅಜ್ಜ ಕಟ್ಟಿಸಿದ್ದು. ಇಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ. ಅಜ್ಜ ಮಳೆಗೆ ಹೆದರಿ ಮನೆ ಕಟ್ಟಿಸಿದ್ದಾರೆ, ಬೆಳಕಿಗೆ ಆಸೆಪಟ್ಟು ಅಲ್ಲ. ಹಂಚಿನ ಮಾಡು ಎಷ್ಟು ಕೆಳಗೆ ಇಳಿದಿದೆ ಎಂದರೆ ಜಗಲಿಗೆ ಹತ್ತುವಾಗ ಉದ್ದದವರು ತಲೆ ತಗ್ಗಿಸಬೇಕು. ಕಿಟಕಿಗಳು ಸಣ್ಣವು, ಅದಕ್ಕೆ ಮರದ ಸರಳು. ಮೂರು ಬದಿಯಲ್ಲಿ ಅಡಿಕೆ ತೋಟ. ಮಧ್ಯಾಹ್ನ ಹನ್ನೆರಡಕ್ಕೂ ಚಾವಡಿಯಲ್ಲಿ ಮುಸ್ಸಂಜೆಯೇ. ನಮಗೆ ಅದು ಕತ್ತಲು ಅನಿಸುವುದೇ ಇಲ್ಲ. ಕಣ್ಣು ಹೊಂದಿಕೊಂಡುಬಿಡುತ್ತದೆ. ಬೆಳಕನ್ನು ಅಳೆಯುವುದು ಲಕ್ಸ್ ಲೆಕ್ಕದಲ್ಲಿ; ಬಿಸಿಲಿನಲ್ಲಿ ಸುಮಾರು 1,00,000 ಲಕ್ಸ್ ಬೆಳಕು ಇದ್ದರೆ, ರಾತ್ರಿ ಒಂದು ಬಲ್ಬಿನ ಕೋಣೆಯಲ್ಲಿ ಇರುವುದು 100ರ ಆಸುಪಾಸು. ಅಂದರೆ ಸಾವಿರದಲ್ಲಿ ಒಂದು ಪಾಲು. ಆದರೂ ನಾವು ಅದೇ ಬೆಳಕಿನಲ್ಲಿ ಪೇಪರು ಓದುತ್ತೇವೆ, ಅಕ್ಕಿಯ ಕಲ್ಲು ಹೆಕ್ಕುತ್ತೇವೆ. ಕ್ಯಾಮೆರಾಕ್ಕೆ ಆ ಉಪಾಯ ಗೊತ್ತಿಲ್ಲ.

ಯಾಕೆ ಗೊತ್ತಿಲ್ಲ ಎನ್ನುವುದನ್ನು ನನಗೆ ಅರ್ಥ ಮಾಡಿಸಿದ್ದು ಒಂದು ಗ್ರಹಣ.

2019ರ ಡಿಸೆಂಬರ್ 26. ಆ ದಿನದ ಕಂಕಣ ಗ್ರಹಣ ನಮ್ಮ ಜಿಲ್ಲೆಯ ಮೇಲೆಯೇ ಹಾದುಹೋಯಿತು. ಚೆರ್ವತ್ತೂರಿನಲ್ಲಿ ತುಂಬಾ ಚೆನ್ನಾಗಿ ಕಾಣುತ್ತದೆ ಎಂದು ದೂರದೂರದಿಂದ ಜನ ಬಂದಿದ್ದರು. ನಾವು ಎಲ್ಲಿಗೂ ಹೋಗಲಿಲ್ಲ. ಅತ್ತೆ ಗ್ರಹಣ ಹಿಡಿದಾಗ ಹೊರಗೆ ಬಿಡುವವರಲ್ಲ. ಚಾವಡಿಯಲ್ಲಿ ಬಾಗಿಲು ಹಾಕಿ ಕೂತಿದ್ದೆವು. ಬೆಳಿಗ್ಗೆ ಒಂಬತ್ತೂವರೆ ಹೊತ್ತಿಗೆ ಅತ್ತೆಯೇ "ಇದೆಂತದು ನೋಡು" ಎಂದು ನೆಲ ತೋರಿಸಿದರು. ಹಂಚಿನ ಸಂದಿಯಿಂದ ದಿನಾ ನೆಲಕ್ಕೆ ಬೀಳುವ ದುಂಡು ಬಿಸಿಲಿನ ಚುಕ್ಕಿಗಳು ಇವೆಯಲ್ಲ, ಅವೆಲ್ಲ ಬಳೆಗಳಾಗಿದ್ದವು. ನೆಲದ ತುಂಬ ಚಿಕ್ಕ ಚಿಕ್ಕ ಬೆಳಕಿನ ಬಳೆ. ಬಾಗಿಲು ಹಾಕಿದರೂ ಗ್ರಹಣ ಮನೆಯೊಳಗೆ ಬಂದಿತ್ತು.

ಆ ಚುಕ್ಕಿಗಳು ಬರೀ ಬೆಳಕಲ್ಲ, ಸೂರ್ಯನ ಚಿತ್ರಗಳು ಎಂದು ಆ ದಿನ ನನ್ನ ಅಕ್ಕನ ಮಗ ಹೇಳಿದ. ಆಗ ಅವನು ಹೈಸ್ಕೂಲು, ಈಗ ಮಂಗಳೂರಿನಲ್ಲಿ ಇಂಜಿನಿಯರಿಂಗ್. ತೂತಿನಿಂದ ನೆಲಕ್ಕೆ 4 ಮೀಟರ್ ದೂರ ಇದ್ದರೆ ಸೂರ್ಯನ ಚಿತ್ರ ಸುಮಾರು 4 ಸೆಂಟಿಮೀಟರ್ ಅಗಲ ಬರುತ್ತದೆ. ಕೈಯನ್ನು ತೂತಿನ ಹತ್ತಿರಕ್ಕೆ ಎತ್ತಿ ಹಿಡಿದರೆ ಅಂಗೈ ಮೇಲಿನ ಚಿತ್ರ ಕಿರಿದಾಗುತ್ತಾ ಹೋಗುತ್ತದೆ. ದೂರ ಇದ್ದಷ್ಟು ದೊಡ್ಡ ಚಿತ್ರ. ನಮ್ಮ ಚಾವಡಿಯೇ ಒಂದು ಕ್ಯಾಮೆರಾ ಪೆಟ್ಟಿಗೆ.

ಮೊನ್ನೆ ಮೊನ್ನೆ ಅವನೇ ಲ್ಯಾಪ್‌ಟಾಪಿನ ಮುಚ್ಚಳವನ್ನು ಎರಡು ಬೆರಳಿನ ನಡುವೆ ಹಿಡಿದು, "ಇಲ್ಲಿ ಚಾವಡಿ ಎಲ್ಲುಂಟು ಚಿಕ್ಕಮ್ಮ?" ಎಂದ. ಸರಿಯಾದ ಮಾತು. ಮುಚ್ಚಳ ಕೆಲವೇ ಮಿಲಿಮೀಟರ್ ದಪ್ಪ. ಅದರೊಳಗೆ ಲೆನ್ಸೂ ಇರಬೇಕು, ಲೆನ್ಸಿನ ಹಿಂದೆ ಚಿತ್ರ ಬೀಳುವ ಸೆನ್ಸರೂ ಇರಬೇಕು. ನಡುವೆ ದೂರ ಇಲ್ಲ, ಹಾಗಾಗಿ ಚಿತ್ರ ದೊಡ್ಡದಾಗಿ ಬೀಳುವುದಿಲ್ಲ, ಹಾಗಾಗಿ ಸೆನ್ಸರೂ ಸಣ್ಣದು. ಸಣ್ಣ ಸೆನ್ಸರು ಅಂದರೆ ಮಳೆಗೆ ಲೋಟ ಇಟ್ಟ ಹಾಗೆ, ಹಂಡೆ ಇಟ್ಟಷ್ಟು ನೀರು ಸಿಕ್ಕುವುದಿಲ್ಲ. ಫೋನು 7-8 ಮಿಲಿಮೀಟರ್ ದಪ್ಪ ಇರುವುದರಿಂದ ಅದಕ್ಕೆ ಸ್ವಲ್ಪ ಅನುಕೂಲ. ಅದೂ ಸಾಲದೆ ಫೋನಿನ ಹಿಂದಿನ ಕ್ಯಾಮೆರಾ ಗುಳ್ಳೆ ಎದ್ದ ಹಾಗೆ ಹೊರಗೆ ಬಂದಿರುತ್ತದೆ, ಅಲ್ವಾ? ಲ್ಯಾಪ್‌ಟಾಪ್ ತೆಳ್ಳಗೆ ಇರಬೇಕು ಎಂದು ಹಟ ಹಿಡಿದವರು ನಾವೇ. ಪರದೆಯ ಸುತ್ತಲಿನ ಅಂಚೂ ಬೇಡ ಎಂದೆವು. ಡೆಲ್‌ನವರು 2015ರ ಎಕ್ಸ್‌ಪಿಎಸ್ 13ರಲ್ಲಿ ಮೇಲೆ ಜಾಗ ಸಾಲದೆ ಕ್ಯಾಮೆರಾವನ್ನು ಪರದೆಯ ಕೆಳಗೆ ಇಟ್ಟರು. ಎದುರಿನವರಿಗೆ ಮುಖಕ್ಕಿಂತ ಮೊದಲು ಮೂಗಿನ ಹೊಳ್ಳೆ ಕಾಣುತ್ತಿತ್ತು.

ಅಜ್ಜ ಮಳೆಗೆ ಹೆದರಿ ಬೆಳಕು ಕಡಿಮೆ ಮಾಡಿದರು. ಲ್ಯಾಪ್‌ಟಾಪ್ ಮಾಡಿದವರು ದಪ್ಪಕ್ಕೆ ಹೆದರಿ ಕ್ಯಾಮೆರಾ ಸಣ್ಣದು ಮಾಡಿದರು. ಇವರಿಬ್ಬರ ಜಿಪುಣತನದ ನಡುವೆ ನಾನು ಸಂಜೆ ಏಳಕ್ಕೆ ಬಾಯಿ ತೆರೆದು ಕೂರುತ್ತೇನೆ.

ಬೆಳಕು ಸಾಲದಾಗ ಕ್ಯಾಮೆರಾ ಎರಡು ಕೆಲಸ ಮಾಡುತ್ತದೆ. ಒಂದು, ಸಿಕ್ಕಿದ ಅಷ್ಟಿಷ್ಟನ್ನೇ ಹಿಗ್ಗಿಸುತ್ತದೆ. ಆಗ ಮುಖದ ಮೇಲೆ ರವೆ ಚೆಲ್ಲಿದ ಹಾಗೆ ಚುಕ್ಕಿ ಚುಕ್ಕಿ ಏಳುತ್ತದೆ. ಆ ರವೆಯನ್ನು ಒರೆಸಲು ಒಳಗಿನ ಸಾಫ್ಟ್‌ವೇರ್ ಹೊರಟರೆ ಮುಖಕ್ಕೆ ಇಸ್ತ್ರಿ ಹಾಕಿದ ಹಾಗೆ ಆಗುತ್ತದೆ. ಸುಕ್ಕೂ ಹೋಗುತ್ತದೆ, ತುಟಿಯ ಅಂಚೂ ಹೋಗುತ್ತದೆ. ಸುಕ್ಕು ಹೋದದ್ದಕ್ಕೆ ನನ್ನ ತಕರಾರು ಇಲ್ಲ. ಎರಡು, ಒಂದೊಂದು ಚಿತ್ರಕ್ಕೂ ಜಾಸ್ತಿ ಹೊತ್ತು ತೆಗೆದುಕೊಳ್ಳುತ್ತದೆ. ಸೆಕೆಂಡಿಗೆ 30 ಚಿತ್ರ ತೆಗೆಯಬೇಕಾದದ್ದು 15ಕ್ಕೋ ಇನ್ನೂ ಕೆಳಗೋ ಇಳಿಯುತ್ತದೆ. ಸುಮ್ನೆ ಕೂತು ಮಾತಾಡುವವರಿಗೆ ಇದರಿಂದ ಎಂತ ನಷ್ಟವೂ ಇಲ್ಲ. ಆದರೆ ಳ ಹೇಳುವ ನಾಲಗೆ ಒಂದು ಕ್ಷಣದಲ್ಲಿ ಮೇಲೆ ಹೋಗಿ ಕೆಳಗೆ ಬರುತ್ತದೆ. ಆ ಕ್ಷಣವೇ ಕಲಸಿಹೋಗುತ್ತದೆ. ಮಗುವಿಗೆ ಕಾಣುವುದು ಬಾಯೊಳಗೆ ಒಂದು ಕೆಂಪು ಗೀಚು.

ನಾನು ಹೋಗಿ ಒಂದು ಹೊರಗಿನ ವೆಬ್‌ಕ್ಯಾಮ್ ತಗೊಂಡೆ. ಎರಡೂವರೆ ಸಾವಿರ ರೂಪಾಯಿ. ಮನೆಯವರಿಗೆ ಎರಡು ಸಾವಿರ ಎಂದು ಹೇಳಿದೆ. ಅದನ್ನು ಸಿಕ್ಕಿಸಿದ ದಿನ ಶಾರ್ಜಾದ ಹುಡುಗ "ಟೀಚರ್, ಹೊಗೆ ಹೋಯ್ತು!" ಎಂದು ಕೂಗಿದ. ನನಗೆ ದುಡ್ಡು ವಸೂಲಾದ ಸಮಾಧಾನ. ಕೇಳಿದವರಿಗೆಲ್ಲ "ಲ್ಯಾಪ್‌ಟಾಪಿನದ್ದು ಪ್ರಯೋಜನ ಇಲ್ಲ, ಬೇರೆ ತಗೊಳ್ಳಿ" ಎಂದು ಮೂರು ತಿಂಗಳು ಬುದ್ಧಿ ಹೇಳಿದೆ.

ಈಗ ಪೆದ್ದುತನದ ವಿಷಯ. ಅತ್ತೆ ಟಿವಿಯಲ್ಲಿ ಎಲ್ಲೋ ಕೇಳಿದ್ದರು, ಕಂಪ್ಯೂಟರಿನ ಕ್ಯಾಮೆರಾದಿಂದ ಯಾರು ಬೇಕಾದರೂ ನಮ್ಮನ್ನು ನೋಡಬಹುದು ಎಂದು. ಪೂರ್ತಿ ಸುಳ್ಳಲ್ಲ ಅದು. 2016ರಲ್ಲಿ ಫೇಸ್‌ಬುಕ್ಕಿನ ಮಾರ್ಕ್ ಜುಕರ್‌ಬರ್ಗ್ ಹಾಕಿದ ಒಂದು ಫೋಟೊದಲ್ಲಿ ಹಿಂದೆ ಅವರ ಲ್ಯಾಪ್‌ಟಾಪಿನ ಕ್ಯಾಮೆರಾಕ್ಕೆ ಟೇಪು ಅಂಟಿಸಿದ್ದು ಕಂಡು ದೊಡ್ಡ ಸುದ್ದಿಯಾಗಿತ್ತು. ಅತ್ತೆಯ ಹತ್ತಿರ ಟೇಪು ಇರಲಿಲ್ಲ. ಹಣೆಯ ಬೊಟ್ಟು ಇತ್ತು. ಒಂದು ಕೆಂಪು ಸ್ಟಿಕ್ಕರ್ ಬೊಟ್ಟು ತೆಗೆದು ಕ್ಯಾಮೆರಾದ ಮೇಲೆ ಒತ್ತಿದರು. ಲ್ಯಾಪ್‌ಟಾಪಿಗೆ ಚೆನ್ನಾಗಿಯೇ ಕಾಣುತ್ತಿತ್ತು. ಪಾಠಕ್ಕೆ ಕೂರುವಾಗ ನಾನು ತೆಗೆಯುತ್ತಿದ್ದೆ, ಮುಗಿದ ಮೇಲೆ ಅವರು ಅಂಟಿಸುತ್ತಿದ್ದರು. ಹೀಗೆ ಎಷ್ಟೋ ತಿಂಗಳು.

ದೀಪಾವಳಿಗೆ ಬಂದ ಅಕ್ಕನ ಮಗ ಬೊಟ್ಟು ಕಿತ್ತು, ಟಾರ್ಚು ಹಿಡಿದು ನೋಡಿ, ನಗಲು ಶುರು ಮಾಡಿದ. ಲೆನ್ಸಿನ ಮೇಲಿನ ಗಾಜಿನಲ್ಲಿ ಬೊಟ್ಟಿನ ಗೋಂದು ಪದರ ಪದರವಾಗಿ ಕೂತಿತ್ತು. ಅದರ ಮೇಲೆ ನನ್ನ ಬೆರಳಿನ ಎಣ್ಣೆ, ಅದರ ಮೇಲೆ ಧೂಳು. ಕನ್ನಡಕದ ಬಟ್ಟೆಗೆ ಒಂದು ಹನಿ ನೀರು ತಾಗಿಸಿ ಒರೆಸಿದ. ಹೊಗೆ ಹೋಯಿತು. ಎರಡೂವರೆ ಸಾವಿರದ ಕ್ಯಾಮೆರಾವನ್ನೂ ಇದನ್ನೂ ಒಂದಾದ ಮೇಲೊಂದು ಹಾಕಿ ನೋಡಿದೆವು. ಹೊಸದರಲ್ಲಿ ರವೆ ಸ್ವಲ್ಪ ಕಡಿಮೆ, ಅಷ್ಟೇ. ಮುಖ ಎರಡರಲ್ಲಿಯೂ ಕಪ್ಪೇ. ಹೊಸದರದ್ದು ಚೊಕ್ಕ ಕತ್ತಲು.

ಆ ಕತ್ತಲಿಗೆ ಮದ್ದು ಹೇಳಿದ್ದು ಇಂಜಿನಿಯರಿಂಗ್ ಓದುವವನಲ್ಲ, ಅತ್ತೆ. ನಮ್ಮ ಚಾವಡಿಯ ಟ್ಯೂಬ್‌ಲೈಟು ನಾನು ಕೂರುವ ಕುರ್ಚಿಯ ಹಿಂದಿನ ಗೋಡೆಯಲ್ಲಿದೆ. ಅತ್ತೆ ಸ್ವಲ್ಪ ಹೊತ್ತು ಲ್ಯಾಪ್‌ಟಾಪನ್ನೂ ನನ್ನನ್ನೂ ನೋಡಿ, "ಆಟದಲ್ಲಿ ಗ್ಯಾಸ್‌ಲೈಟನ್ನು ವೇಷದ ಹಿಂದೆ ಇಡುತ್ತಾರಾ?" ಎಂದು ಕೇಳಿದರು.

ಆಟ ಎಂದರೆ ನಮ್ಮಲ್ಲಿ ಯಕ್ಷಗಾನ. ಅದರ ಪ್ರಸಂಗಗಳನ್ನು ಬರೆದ ಕವಿ ಪಾರ್ತಿಸುಬ್ಬ ಹುಟ್ಟಿದ ಕುಂಬಳೆ ನಮಗೆ ಹತ್ತಿರ. ಅತ್ತೆ ಸಣ್ಣವರಿದ್ದಾಗ ಗದ್ದೆಯಲ್ಲಿ ರಾತ್ರಿಯಿಡೀ ಕೂತು ಆಟ ನೋಡಿದವರು. ದೀಪ ರಂಗಸ್ಥಳದ ಮುಂದೆ ಎರಡು ಬದಿಯಲ್ಲಿ. ಅರದಾಳ, ಇಂಗಳೀಕದ ಬಣ್ಣ ಎಲ್ಲ ಹಚ್ಚಿದ ಮುಖ ಹೊಳೆಯುವುದು ಆ ಎದುರಿನ ಬೆಳಕಿಗೆ. ಹಿಂದಿನಿಂದ ಬೆಳಕು ಬಿದ್ದರೆ ರಾಜವೇಷವೂ ಒಂದೇ, ಬಣ್ಣದ ವೇಷವೂ ಒಂದೇ, ಎರಡೂ ಕರಿ ನೆರಳು. ಕ್ಯಾಮೆರಾ ಮಾಡುವ ತಪ್ಪೂ ಇದೇ. ಅದು ಇಡೀ ಚಿತ್ರದ ಬೆಳಕನ್ನು ಅಂದಾಜು ಮಾಡುತ್ತದೆ. ಹಿಂದೆ ಟ್ಯೂಬ್‌ಲೈಟು ಉರಿಯುತ್ತಿದ್ದರೆ "ಓ, ಇಲ್ಲಿ ಬೆಳಕು ಜಾಸ್ತಿ ಉಂಟು" ಎಂದುಕೊಂಡು ಎಲ್ಲವನ್ನೂ ತಗ್ಗಿಸುತ್ತದೆ. ತಗ್ಗುವುದು ಪಾಪದ ಮುಖ.

ಮಗನ ಹಳೆಯ ಟೇಬಲ್ ಲ್ಯಾಂಪು ಅಟ್ಟದಿಂದ ಇಳಿಯಿತು. ನೇರ ಮುಖಕ್ಕೆ ಹಿಡಿದರೆ ಕಣ್ಣು ಕುಕ್ಕುತ್ತದೆ, ಕನ್ನಡಕ ಹೊಳೆಯುತ್ತದೆ. ಹಾಗಾಗಿ ಲ್ಯಾಪ್‌ಟಾಪಿನ ಹಿಂದೆ ಒಂದು ಹಗ್ಗ ಕಟ್ಟಿ, ಮನೆಯವರ ಬಿಳಿ ಪಂಚೆ ನೇತುಹಾಕಿ, ಲ್ಯಾಂಪನ್ನು ಪಂಚೆಗೆ ತಿರುಗಿಸಿದೆ. ಪಂಚೆಗೆ ಬಿದ್ದ ಬೆಳಕು ಮೆತ್ತಗಾಗಿ ನನ್ನ ಮುಖಕ್ಕೆ ಬರುತ್ತದೆ. ಟ್ಯೂಬ್‌ಲೈಟು ಆರಿಸಿದೆ. ಅದೇ ಹಳೆಯ ಸಾಸಿವೆ ಕಾಳಿನ ಕ್ಯಾಮೆರಾ. ಈಗ ನನ್ನ ಕಿವಿಯ ಓಲೆಯ ಕಲ್ಲು ಸಹ ಕಾಣುತ್ತದೆ ಎಂದು ದುಬೈಯ ಹುಡುಗಿಯ ಅಮ್ಮ ಹೇಳಿದರು. ಪಂಚೆ ಬೇಕಾದಾಗ ಮನೆಯವರು ಹಗ್ಗದಿಂದ ತೆಗೆದುಕೊಂಡು ಹೋಗುತ್ತಾರೆ. ಆ ದಿನ ನನ್ನ ಮುಖ ಸ್ವಲ್ಪ ಮಂಕು.

ಲ್ಯಾಂಪಿಗೆ ಹೊಸ ಎಲ್‌ಇಡಿ ಬಲ್ಬು ಹಾಕಿದ ಮೇಲೆ ಇನ್ನೊಂದು ಉಪದ್ರ ಶುರುವಾಯಿತು. ಮುಖದ ಮೇಲೆ ಕಪ್ಪು ಗೆರೆಗಳು ಮೆಲ್ಲಗೆ ಮೇಲಿನಿಂದ ಕೆಳಗೆ ಜಾರುತ್ತಿದ್ದವು. ಬಲ್ಬು ಹಾಳು ಎಂದುಕೊಂಡು ವಾಪಸು ಕೊಡಲು ಹೊರಟಿದ್ದೆ. ನಮ್ಮ ಕರೆಂಟು ಸೆಕೆಂಡಿಗೆ 50 ಸಲ ಏರಿಳಿಯುತ್ತದೆ, ಅಗ್ಗದ ಬಲ್ಬು ಅದಕ್ಕೆ ಸರಿಯಾಗಿ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಕಣ್ಣಿಗೆ ಗೊತ್ತಾಗುವುದಿಲ್ಲ, ಕ್ಯಾಮೆರಾಕ್ಕೆ ಗೊತ್ತಾಗುತ್ತದೆ. ಅಮೆರಿಕದಲ್ಲಿ ಕರೆಂಟು 60 ಸಲ. ನನ್ನ ಕ್ಯಾಮೆರಾದ ಸೆಟ್ಟಿಂಗಿನಲ್ಲಿ 60 ಎಂದೇ ಇತ್ತು. 50 ಮಾಡಿದೆ, ಗೆರೆ ನಿಂತಿತು. ಇದು ದುಡ್ಡಿಲ್ಲದ ಮದ್ದು, ಆದರೆ ಯಾರೂ ಹೇಳುವುದಿಲ್ಲ.

ಪಿಕ್ಸೆಲ್ ಲೆಕ್ಕ ಹೇಳದಿದ್ದರೆ ಬರಹ ಅರ್ಧವಾದೀತು. 720ಪಿ ಎಂದರೆ 1280 ಅಡ್ಡ, 720 ಉದ್ದ, ಒಟ್ಟು ಸುಮಾರು 9 ಲಕ್ಷ ಚುಕ್ಕಿ. 1080ಪಿ ಎಂದರೆ 20 ಲಕ್ಷದ ಮೇಲೆ. ಅಂಗಡಿಯವರು ಇದನ್ನೇ ದೊಡ್ಡದಾಗಿ ಹೇಳುತ್ತಾರೆ. ಲಕ್ಷ ರೂಪಾಯಿಯ ಆಸುಪಾಸಿನ ಮ್ಯಾಕ್‌ಬುಕ್ ಏರ್‌ನಲ್ಲೂ 2020ರ ಮಾಡೆಲಿನಲ್ಲಿ 720ಪಿಯೇ ಇತ್ತು, 1080ಪಿ ಬಂದದ್ದು 2022ರಲ್ಲಿ. ಆದರೆ ಕ್ಯಾಮೆರಾ ಎಷ್ಟು ಚುಕ್ಕಿ ಹಿಡಿದರೂ ಅಷ್ಟನ್ನೂ ಆಚೆ ದಡಕ್ಕೆ ಮುಟ್ಟಿಸುವುದಿಲ್ಲ. ಜೂಮಿನವರ ಪ್ರಕಾರ ಇಬ್ಬರ ಮಾತುಕತೆಗೆ 720ಪಿ ಬೇಕಾದರೆ 1.2 ಎಂಬಿಪಿಎಸ್ ವೇಗ ಬೇಕು, 1080ಪಿಗೆ 3ಕ್ಕೂ ಮೇಲೆ. ನಮಗೆ ಇಂಟರ್‌ನೆಟ್ಟು ಕೊಡುವುದು ಕೇಬಲಿನವನು. ಅವನ ವಯರು ಬರುವುದು ಅಡಿಕೆ ತೋಟದ ನಡುವೆ. ಗಾಳಿಗೆ ಒಂದು ಸೋಗೆ ಬಿದ್ದರೆ ವಯರು ತುಂಡು, ಮತ್ತೆ ಫೋನಿನ ನೆಟ್ಟು, ಅದಕ್ಕೆ ಜಗಲಿಯ ಒಂದೇ ಮೂಲೆ. ಐದು ಮಕ್ಕಳು ಒಟ್ಟಿಗೆ ಕೂತಾಗ ನಾನು ಅವರ ಪರದೆಯಲ್ಲಿ ಒಂದು ಬೆಂಕಿಪೆಟ್ಟಿಗೆಯಷ್ಟು. ಆ ಬೆಂಕಿಪೆಟ್ಟಿಗೆಗೆ 20 ಲಕ್ಷ ಚುಕ್ಕಿ ಯಾಕೆ?

ಜಗತ್ತಿನ ಮೊದಲ ವೆಬ್‌ಕ್ಯಾಮ್ ಹುಟ್ಟಿದ್ದು ಕಾಫಿಗೆ. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಭಾಗದವರು 1991ರಲ್ಲಿ ಕಾಫಿ ಪಾತ್ರೆಯ ಎದುರು ಒಂದು ಕ್ಯಾಮೆರಾ ಇಟ್ಟರು. ಮಹಡಿ ಇಳಿದು ಹೋದ ಮೇಲೆ ಪಾತ್ರೆ ಖಾಲಿ ಎಂದು ಗೊತ್ತಾಗುವುದು ಬೇಡ ಎಂದು. ಚಿತ್ರ ಬರೀ ಕಪ್ಪು ಬಿಳುಪು, 128 ಅಡ್ಡ 128 ಉದ್ದ. 1993ರಲ್ಲಿ ಅದು ಇಂಟರ್‌ನೆಟ್ಟಿಗೆ ಬಂತು, 2001ರವರೆಗೆ ನಡೆಯಿತು. ಪಾತ್ರೆಯಲ್ಲಿ ಕಾಫಿ ಉಂಟಾ ಇಲ್ಲವಾ ಎನ್ನುವುದಕ್ಕೆ ಅಷ್ಟು ಸಾಕಿತ್ತು.

ಲ್ಯಾಪ್‌ಟಾಪಿನ ಕ್ಯಾಮೆರಾ ಸಾಲದೆ ಬಂದ ಒಂದು ದಿನ ನನಗೆ ಚೆನ್ನಾಗಿ ನೆನಪಿದೆ. 2020ರ ಮಾರ್ಚ್ ಕೊನೆ. ಕೊರೊನಾದಿಂದಾಗಿ ತಲಪಾಡಿಯಲ್ಲಿ ಕರ್ನಾಟಕದ ಗಡಿ ಮುಚ್ಚಿತ್ತು, ಬೇರೆ ರಸ್ತೆಗಳಿಗೂ ಮಣ್ಣು ಬಿದ್ದಿತ್ತು. ಕಾಸರಗೋಡಿನವರಿಗೆ ದೊಡ್ಡ ಆಸ್ಪತ್ರೆ ಎಂದರೆ ಮಂಗಳೂರೇ. ಆ ದಿನಗಳಲ್ಲಿ ಅಲ್ಲಿಗೆ ಮುಟ್ಟಲಾಗದೆ ತೀರಿಹೋದವರೂ ಇದ್ದಾರೆ. ಅತ್ತೆಯ ಕಾಲು ಬಾತುಕೊಂಡಿತು. ಅವರನ್ನು ಯಾವಾಗಲೂ ನೋಡುವ ಡಾಕ್ಟರು ಗಡಿಯ ಆಚೆ. ದೂರದಿಂದಲೇ ರೋಗಿಯನ್ನು ನೋಡುವುದಕ್ಕೆ ಕೇಂದ್ರ ಸರಕಾರ ನಿಯಮ ಹೊರಡಿಸಿದ್ದೂ ಅದೇ ಮಾರ್ಚ್ 25ಕ್ಕೆ. ಈ ಲ್ಯಾಪ್‌ಟಾಪನ್ನೇ ಅತ್ತೆಯ ಮಂಚದ ಹತ್ತಿರ ಹಿಡಿದೆ.

"ಕೆಂಪಾಗಿದೆಯಾ?" ಎಂದು ಡಾಕ್ಟರು ಕೇಳಿದರು. ನಮಗೆ ಕೆಂಪು ಕಾಣುತ್ತಿತ್ತು. ಅವರಿಗೆ ಇಡೀ ಕಾಲು ಕಂದು. ಹಳದಿ ಬಲ್ಬಿನ ಕೆಳಗೆ ಕ್ಯಾಮೆರಾ ತನಗೆ ತೋಚಿದ ಬಣ್ಣ ಹಾಕಿಕೊಂಡಿತ್ತು. ಬೆರಳಿನಿಂದ ಒತ್ತಿ ಬಿಡಿ ಎಂದರು. ಒತ್ತಿದ ಜಾಗದಲ್ಲಿ ಗುಳಿ ಬಿತ್ತಾ ಇಲ್ಲವಾ ಎನ್ನುವುದೂ ಅವರಿಗೆ ಕಾಣಲಿಲ್ಲ. ಕೊನೆಗೆ "ಅವರನ್ನು ಅಂಗಳಕ್ಕೆ ಕರಕೊಂಡು ಬನ್ನಿ" ಎಂದರು. ಅಂಗಳದ ತುಂಬ ಅಡಿಕೆ ಒಣಗಲು ಹಾಕಿತ್ತು. ಒಂದು ಬದಿಗೆ ಸರಿಸಿ, ಕುರ್ಚಿ ಹಾಕಿ, ಅತ್ತೆಯನ್ನು ಕೂರಿಸಿ, ನಾನು ಅಡಿಕೆಯ ನಡುವೆ ಲ್ಯಾಪ್‌ಟಾಪ್ ಹಿಡಿದು ಮಂಡಿಯೂರಿದೆ. ನೆರಳಿನ ಹಗಲು ಬೆಳಕು. ಕಾಲು ಕಾಲಿನ ಬಣ್ಣದಲ್ಲೇ ಕಂಡಿತು. ಡಾಕ್ಟರು ಮದ್ದಿನ ಹೆಸರು ಹೇಳಿದರು, ನಾಲ್ಕು ದಿನದಲ್ಲಿ ಬಾವು ಇಳಿಯಿತು. ಆಗಲೇ ನನಗೆ ಬೆಳಕಿನ ಬುದ್ಧಿ ಬರಬೇಕಿತ್ತು. ಬರಲಿಲ್ಲ. ಆಮೇಲೆ ಹೋಗಿ ಕ್ಯಾಮೆರಾ ತಗೊಂಡೆ.

ಪಾಠದಲ್ಲಿ ಇನ್ನೊಂದು ಕಷ್ಟ ಬರವಣಿಗೆಯದ್ದು. ಸ್ಲೇಟಿನಲ್ಲಿ ಅಕ್ಷರ ಬರೆದು ಕ್ಯಾಮೆರಾದ ಹತ್ತಿರ ಹಿಡಿದರೆ ಮಸುಕು. ಲ್ಯಾಪ್‌ಟಾಪಿನ ಕ್ಯಾಮೆರಾಗಳಿಗೆ ಸಾಮಾನ್ಯವಾಗಿ ಫೋಕಸ್ ಬದಲಾಯಿಸಲು ಬರುವುದಿಲ್ಲ, ಒಂದು ಕೈ ದೂರದ ಮುಖಕ್ಕೆ ಅದು ಗಟ್ಟಿಯಾಗಿ ಕೂತಿರುತ್ತದೆ. ಹೊರಗಿನ ಕ್ಯಾಮೆರಾ ತಗೊಳ್ಳುವುದೇ ಆದರೆ ಆಟೋಫೋಕಸ್ ಉಂಟಾ ಎಂದು ಕೇಳಿ. ನಾನು ಕೇಳಲಿಲ್ಲ, ನನ್ನದರಲ್ಲಿ ಅದೂ ಇಲ್ಲ. ಇನ್ನು ಕನ್ನಡಿಯ ಮೋಸ ಬೇರೆ. ಜೂಮಿನಲ್ಲಿ ನಮ್ಮ ಚಿತ್ರ ನಮಗೆ ಕನ್ನಡಿಯಲ್ಲಿ ಕಂಡ ಹಾಗೆ ಎಡಬಲ ತಿರುಗಿ ಕಾಣುತ್ತದೆ. ಎದುರಿನವರಿಗೆ ಸರಿಯಾಗಿಯೇ ಕಾಣುತ್ತದೆ. ಇದು ಗೊತ್ತಿಲ್ಲದ ಹೊಸತರಲ್ಲಿ ನನ್ನ ಸ್ಲೇಟಿನ ಅಕ್ಷರ ಉಲ್ಟಾ ಕಂಡು ಹೆದರಿ, ಕಷ್ಟಪಟ್ಟು ಉಲ್ಟಾ ಬರೆದು ತೋರಿಸಿದೆ. ನನಗೆ ಸರಿಯಾಗಿ ಕಂಡಿತು. ಐದು ಮಕ್ಕಳೂ ಅದನ್ನು ಶ್ರದ್ಧೆಯಿಂದ ಹಾಗೆಯೇ ನಕಲು ಮಾಡಿದರು.

ಈಗ ಬರವಣಿಗೆಗೆ ಫೋನು. ಸೇಮಿಗೆ ಒತ್ತುವ ಮರದ ಮಣೆ ಮೇಜಿನ ಮೇಲೆ ನಿಲ್ಲಿಸಿ, ಅದರ ತಲೆಯ ಮೇಲೆ ಫೋನನ್ನು ಕೆಳಮುಖ ಮಾಡಿ ಕಟ್ಟುತ್ತೇನೆ. ಕೆಳಗೆ ಪುಸ್ತಕ. ಫೋನು ಎರಡನೆಯವರ ಹಾಗೆ ಜೂಮಿಗೆ ಸೇರುತ್ತದೆ. ಫೋನನ್ನೇ ಲ್ಯಾಪ್‌ಟಾಪಿನ ಕ್ಯಾಮೆರಾ ಮಾಡಿಕೊಳ್ಳಲೂ ಆಗುತ್ತದೆ. ಆಪಲ್‌ನವರು 2022ರಿಂದ ಕೊಟ್ಟಿದ್ದಾರೆ, ಆಂಡ್ರಾಯ್ಡ್ 14ರಿಂದ ಕೆಲವು ಫೋನುಗಳಲ್ಲೂ ಉಂಟು. ಹೊಸ ಕ್ಯಾಮೆರಾಕ್ಕೆ ದುಡ್ಡು ಹಾಕುವ ಮೊದಲು ಇದನ್ನು ನೋಡಬಹುದು. ಫೋನಿನ ಕ್ಯಾಮೆರಾ ಲ್ಯಾಪ್‌ಟಾಪಿನದ್ದಕ್ಕಿಂತ ಒಳ್ಳೆಯದು, ಅದರಲ್ಲಿ ಚರ್ಚೆ ಇಲ್ಲ. ಆದರೆ ಪಾಠದ ನಡುವೆ ತೆಂಗಿನಕಾಯಿ ಕೀಳುವವನು ಫೋನು ಮಾಡುತ್ತಾನೆ. ಅವನು ಮಾಡಿದಾಗ ತೆಗೆಯದಿದ್ದರೆ ಮತ್ತೆ ಒಂದು ತಿಂಗಳು ಸಿಕ್ಕುವುದಿಲ್ಲ.

ಶಬ್ದದ ವಿಷಯ ದೊಡ್ಡದು, ಇಲ್ಲಿ ಬಿಡುತ್ತೇನೆ. ಮುಖ ಸ್ವಲ್ಪ ಮಸುಕಾದರೆ ಮಕ್ಕಳು ಸಹಿಸುತ್ತಾರೆ, ದನಿ ತುಂಡಾದರೆ ಎದ್ದೇ ಹೋಗುತ್ತಾರೆ. ಹಂಚಿನ ಮೇಲೆ ಜೋರು ಮಳೆ ಬಿದ್ದಾಗ ಸಾಫ್ಟ್‌ವೇರು ಮಳೆಯನ್ನು ಅಳಿಸುವ ಭರದಲ್ಲಿ ನನ್ನ ಶ, ಷ, ಸಗಳನ್ನೂ ಅಳಿಸುತ್ತದೆ. ಇಂಟರ್‌ವ್ಯೂಗೆ ಕೂರುವವರು ಕ್ಯಾಮೆರಾದ ದುಡ್ಡಿನಲ್ಲಿ ಒಂದು ಒಳ್ಳೆಯ ಇಯರ್‌ಫೋನ್ ತಗೊಳ್ಳಲಿ. ಲ್ಯಾಪ್‌ಟಾಪಿನ ಕೆಳಗೆ ಎರಡು ದಪ್ಪ ಶಬ್ದಕೋಶ ಇಟ್ಟು ಕ್ಯಾಮೆರಾವನ್ನು ಕಣ್ಣಿನ ಮಟ್ಟಕ್ಕೆ ತಂದರೆ, ಎದುರಿನವರಿಗೆ ನಿಮ್ಮ ಮನೆಯ ಮಾಡಿನ ಪಕ್ಕಾಸು ಎಣಿಸುವ ಕೆಲಸ ತಪ್ಪುತ್ತದೆ.

ನಾನು ಇಷ್ಟೆಲ್ಲ ಮಾಡಿಯೂ ಒಂದು ವಿಷಯ ಮರೆತಿದ್ದೆ. ನನ್ನ ನಾಲಗೆ ಅವನಿಗೆ ಕಂಡರೆ ಸಾಲದು, ಅವನ ನಾಲಗೆ ನನಗೂ ಕಾಣಬೇಕಲ್ಲ. ಶಾರ್ಜಾದ ಹುಡುಗ ಫ್ಲ್ಯಾಟಿನ ದೊಡ್ಡ ಕಿಟಕಿಗೆ ಬೆನ್ನು ಹಾಕಿ ಕೂರುತ್ತಿದ್ದ. ಹಿಂದೆ ಐದೂವರೆಯ ಮರುಭೂಮಿಯ ಬಿಸಿಲು, ಮುಂದೆ ಒಂದು ಕಪ್ಪು ತಲೆ. ಲಕ್ಷ ರೂಪಾಯಿಯ ಲ್ಯಾಪ್‌ಟಾಪು ಅವರದ್ದು. "ಕುರ್ಚಿ ತಿರುಗಿಸು ಮಗಾ" ಎಂದೆ. ತಿರುಗಿಸಿದ. ಅವನಿಗೆ ಮುಂದಿನ ಎರಡು ಹಲ್ಲು ಬಿದ್ದು ಹೊಸತು ಮೊಳೆಯುತ್ತಿದೆ ಎಂದು ನನಗೆ ಗೊತ್ತಾದದ್ದೇ ಆ ದಿನ. ನಾಲಗೆ ಎಲ್ಲಿಗೆ ತಾಗುತ್ತದೆ ಎನ್ನುವುದೂ ಕಂಡಿತು. ಹಲ್ಲಿನ ಹಿಂದೆಯೇ ತಾಗಿಸುತ್ತಿದ್ದ, ಮಡಚುತ್ತಿರಲಿಲ್ಲ. ಎರಡು ವಾರದಲ್ಲಿ ಅವನು ಹಳ್ಳಿ ಎಂದ. ಕೊಳ, ಬಾಳೆ, ಮಳೆ ಎಲ್ಲ ಬಂತು. ಆಮೇಲೆ ಬೇಡದ ಕಡೆಯೂ ಳ ಹಾಕಲು ಶುರು ಮಾಡಿದ. ಶಾಲೆ ಹೋಗಿ ಶಾಳೆಯಾಯಿತು.

ಜುಲೈಯಲ್ಲಿ ಅವರು ರಜೆಗೆ ಊರಿಗೆ ಬಂದರು. ಒಂದು ಮಧ್ಯಾಹ್ನ ಅಮ್ಮ ಮಗ ಇಬ್ಬರೂ ನಮ್ಮ ಮನೆಗೆ ಬಂದರು. ಹೊರಗೆ ಒಂದೇ ಸಮನೆ ಮಳೆ, ಒಳಗೆ ಕರೆಂಟಿಲ್ಲ. ಹುಡುಗ ಚಾವಡಿಯ ನಡುವೆ ನಿಂತು ಸುತ್ತ ನೋಡಿದ. ಹಗ್ಗದಲ್ಲಿ ಪಂಚೆ, ಅದಕ್ಕೆ ಮುಖ ಮಾಡಿದ ಲ್ಯಾಂಪು, ಶಬ್ದಕೋಶದ ಮೇಲೆ ಲ್ಯಾಪ್‌ಟಾಪು, ಪಕ್ಕದಲ್ಲಿ ಸೇಮಿಗೆ ಮಣೆ. "ಇದೆಲ್ಲ ಇಲ್ಲಿ ಇತ್ತಾ?" ಎಂದು ಕೇಳಿದ.

ಅತ್ತೆ ಬಾಳೆಹಣ್ಣಿನ ಹಲ್ವ ತಂದಿಟ್ಟರು. ನಾನು ಅವನನ್ನು ಎದುರಿಗೆ ನಿಲ್ಲಿಸಿ, ಬಾಯಿ ಅಗಲ ತೆರೆದು, ಲ ಮತ್ತು ಳ ಮತ್ತೊಮ್ಮೆ ತೋರಿಸಿದೆ. ಕತ್ತಲಲ್ಲವಾ, ಅವನು ಕುರ್ಚಿ ಹತ್ತಿ ಮುಖವನ್ನು ನನ್ನ ಮುಖದ ಹತ್ತಿರಕ್ಕೆ ತಂದು ಇಣುಕಿದ. ತುಂಬ ಹೊತ್ತು ನೋಡಿದ. ನಾಲಗೆಯನ್ನಲ್ಲ. ಬಲಗಡೆ ದವಡೆಯಲ್ಲಿ ನನಗೆ ಒಂದು ಹಲ್ಲು ಇಲ್ಲ. ಕೀಳಿಸಿ ಎರಡು ವರ್ಷ ಆಯಿತು. ಅಷ್ಟು ದಿನ ವಾರಕ್ಕೆ ಮೂರು ಸಲ ಬಾಯಿ ತೆರೆದು ತೋರಿಸಿದರೂ ಯಾವ ಕ್ಯಾಮೆರಾವೂ ಅದನ್ನು ಹೇಳಿರಲಿಲ್ಲ.

"ಟೀಚರ್," ಎಂದ, "ನಿಮ್ಮ ಹಲ್ಲಿಗೆ ಎಂತ ಆಯಿತು?"

ಈ ಸಲ ಲ ಸರಿಯಾಗಿಯೇ ಇತ್ತು.